‘ಪ್ರೆಶರ್ ಹಿಡಿಯಲ್ಲ’ ಅಂದರೆ ಏರಲ್ಲವೋ, ನಿಲ್ಲಲ್ಲವೋ?

ಎಲ್ಲರಿಗೂ ನಮಸ್ಕಾರ.

ಟ್ರ್ಯಾಕ್ಟರ್ ಓಡಿಸುವವರಿಗಾಗಿ ಹೈಡ್ರಾಲಿಕ್ ಲಿಫ್ಟಿನ (ಆಯಿಲ್ ಪ್ರೆಶರಿನಿಂದ ಹಿಂದಿನ ಸಲಕರಣೆಯನ್ನು ಎತ್ತುವ ಭಾಗದ) ರಿಪೇರಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಸಾಲು ಮುಂದೆ ಹೋಗಲು ಬಿಡುತ್ತಿಲ್ಲ. ಪಂಪ್ ಪ್ರೆಶರನ್ನು ‘ಹೋಲ್ಡ್’ ಮಾಡುತ್ತಿಲ್ಲ, ಇಷ್ಟೇ ಇರೋದು. ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ‘ಪಂಪ್ ಒತ್ತಡವನ್ನು ತಾಳಿಕೊಳ್ಳುವುದಿಲ್ಲ’ ಎಂದಿದೆ. ಇದನ್ನು ಓದಿದ ಡ್ರೈವರ್ ಪಂಪ್ ಸಿಡಿದು ಹೋಗುತ್ತೆ ಅಂತ ದೂರ ಓಡಬೇಕು, ಅಲ್ವಾ? ತಾಳಿಕೊಳ್ಳೋದು ಹೋಸ್ ಪೈಪಿನ ಕೆಲಸ. ಇಲ್ಲಿ ಆ ಮಾತೇ ಅಲ್ಲ.

ಸರಿ, ‘ಹಿಡಿಯಲ್ಲ’ ಅನ್ನೋಣ ಅಂದರೆ ಅದು ಇನ್ನೂ ದೊಡ್ಡ ತಾಪತ್ರಯ. ಮೋಟರ್ ನೀರು ಹಿಡಿಯಲಿಲ್ಲ ಅಂದರೆ ನೀರು ಎತ್ತಲೇ ಇಲ್ಲ ಅಂತ. ಬ್ರೇಕ್ ಹಿಡಿಯಲ್ಲ ಅಂದರೆ ಕಚ್ಚಲ್ಲ ಅಂತ. ಈ ಡಬ್ಬ ಐದು ಲೀಟರ್ ಹಿಡಿಯುತ್ತೆ ಅಂದರೆ ಅಷ್ಟು ತುಂಬುತ್ತೆ ಅಂತ. ಏರ್ ಹಿಡಿದಿದೆ ಅಂದರೆ ಬೇಡದ ಗಾಳಿ ಒಳಗೆ ಸೇರಿಕೊಂಡಿದೆ. ಪ್ರೆಶರ್ ಹಿಡಿಯಲ್ಲ ಅಂದಾಗ ಇದರಲ್ಲಿ ಯಾವುದು?

ಇದು ಸುಮ್ನೆ ಪದದ ಜಗಳ ಅಲ್ಲ. ಯಾವ ನಟ್ಟು ಬಿಚ್ಚಬೇಕು ಅನ್ನೋದು ಕ್ರಿಯಾಪದದ ಮೇಲೆ ನಿಂತಿದೆ. ಪಂಪ್ ಮಾಡೋದು ಆಯಿಲನ್ನು ತಳ್ಳುವ ಕೆಲಸ ಮಾತ್ರ. ಮುಂದೆ ಹೊರೆ ಅಡ್ಡ ನಿಂತಾಗಲೇ ಪ್ರೆಶರ್ ಏರೋದು. ಎತ್ತಿದ್ದನ್ನು ಮೇಲೆಯೇ ಉಳಿಸೋದು ಪಂಪ್ ಅಲ್ಲ. ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿ ಅದು ಕಂಟ್ರೋಲ್ ವಾಲ್ವ್, ಅದರ ಜೊತೆಗಿನ ಚೆಕ್ ವಾಲ್ವ್ (ಆಯಿಲನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು), ಆಮೇಲೆ ಸಿಲಿಂಡರಿನ ಪಿಸ್ಟನ್ ಸೀಲ್, ಈ ಮೂರರ ಕೆಲಸ. ಅಂದರೆ ಮೂಲದ ವಾಕ್ಯವೇ ಪಾಪ ಪಂಪಿನ ಮೇಲೆ ತಪ್ಪು ಹೊರಿಸುತ್ತಿದೆ.

ಒಬ್ಬ ಮೆಕ್ಯಾನಿಕ್ ಹತ್ತಿರ ಈ ವಾಕ್ಯ ಓದಿದೆ. ಅವರು ತಿರುಗಿ ಕೇಳಿದ್ದು ಒಂದೇ ಮಾತು: ‘ಎತ್ತಲ್ವೋ, ಎತ್ತಿ ಇಳಿಯುತ್ತೋ?’ ಅಲ್ಲೇ ನಿಂತಿದ್ದ ಗಾಡಿಯ ರೋಟವೇಟರನ್ನು (ಹಿಂದೆ ಕಟ್ಟುವ, ಮಣ್ಣು ಪುಡಿ ಮಾಡುವ ಸಲಕರಣೆ) ಪೂರ್ತಿ ಎತ್ತಿ ಎಂಜಿನ್ ಆಫ್ ಮಾಡಿದರು. ಲಿಫ್ಟ್ ಆರ್ಮ್ ಇದ್ದ ಮಟ್ಟಕ್ಕೆ ಮಡ್‌ಗಾರ್ಡ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಯಾರೂ ಕೆಳಗೆ ಹೋಗಬೇಡಿ ಅಂತ ಗದರಿದರು. ನೋಡನೋಡುತ್ತಲೇ ಆರ್ಮ್ ಗೆರೆಯಿಂದ ಕೆಳಗೆ ಜಾರಿತು. ‘ಪಂಪು ನಿಂತೇ ಹೋಗಿದೆಯಲ್ಲ ಸಾರ್, ಅದೇನು ಮಾಡುತ್ತೆ? ಒಳಗೆ ಪಾಸ್ ಆಗ್ತಿದೆ, ಪ್ರೆಶರ್ ನಿಲ್ತಿಲ್ಲ’ ಅಂದರು. ಎಂಜಿನ್ ಓಡುವಾಗ ಇದೇ ದೋಷ ಬೇರೆ ಥರ ಕಾಣುತ್ತೆ. ಲಿಫ್ಟ್ ಸ್ವಲ್ಪ ಜಾರುತ್ತೆ, ವಾಲ್ವ್ ಮತ್ತೆ ಎತ್ತುತ್ತೆ, ಹೀಗೆ ಗಕ್ ಗಕ್ ಅಂತ ತಲೆಯಾಡಿಸುತ್ತಾ ಇರುತ್ತೆ.

ಹೊರೆ ಮೇಲೇಳದೇ ಇದ್ದರೆ ಮಾತ್ರ ಅವರು ‘ಪ್ರೆಶರ್ ಕಟ್ಟಲ್ಲ’ ಅಂತಾರೆ. ಆಗ ನೋಡೋದು ಆಯಿಲ್ ಮಟ್ಟ, ಕಟ್ಟಿಕೊಂಡ ಫಿಲ್ಟರ್, ಹೀರುವ ಕಡೆ ಗಾಳಿ ಎಳೆಯುವ ಪೈಪ್, ತೆರೆದೇ ಉಳಿದ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದಾಗ ಆಯಿಲನ್ನು ವಾಪಸ್ ಬಿಡುವಂಥದ್ದು). ಪಂಪ್ ಬಿಚ್ಚೋದು ಕೊನೆಗೆ. ಆಯಿಲ್ ನೊರೆ ನೊರೆ ಆಗಿದ್ದರೆ ಗಾಳಿ, ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು. ತಣ್ಣಗಿದ್ದಾಗ ಚೆನ್ನಾಗಿ ಎತ್ತಿ, ಆಯಿಲ್ ಬಿಸಿಯಾದ ಮೇಲೆ ಸುಸ್ತಾದರೆ ಪಂಪ್ ಸವೆದಿರುವ ಅನುಮಾನ ಜಾಸ್ತಿ, ಏಕೆಂದರೆ ತೆಳುವಾದ ಆಯಿಲ್ ಸವೆದ ಗೇರಿನ ಸಂದಿಯಲ್ಲಿ ವಾಪಸ್ ನುಸುಳುತ್ತೆ.

ಹಾಗಾಗಿ ನಾನು ಆ ಒಂದು ಸಾಲನ್ನು ಎರಡಾಗಿ ಒಡೆಯುವ ಯೋಚನೆಯಲ್ಲಿದ್ದೇನೆ: ‘ಪ್ರೆಶರ್ ಏರುತ್ತಿಲ್ಲ’ ಮತ್ತು ‘ಏರಿದ ಪ್ರೆಶರ್ ನಿಲ್ಲುತ್ತಿಲ್ಲ’. ಒತ್ತಡ ಅನ್ನೋದಕ್ಕೆ ನನ್ನ ವಿರೋಧವೇನೂ ಇಲ್ಲ, ಪಠ್ಯಪುಸ್ತಕದಲ್ಲಿ ಇರಲಿ. ಗೇಜ್ ನೋಡಿ ‘ಇಷ್ಟು ಕೆಜಿ ಪ್ರೆಶರ್’ ಅನ್ನುವವರ ಮುಂದೆ ಅದು ಹೊಸಬನ ಹಾಗೆ ನಿಲ್ಲುತ್ತೆ. ಅಂದಹಾಗೆ ಆ ಕೆಜಿ ತಪ್ಪಲ್ಲ. ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅನ್ನೋದರ ಮೊಟಕು ರೂಪ, 1 ಬಾರ್ ಅಂದರೆ 1.02 ಕೆಜಿ.

ನಿಮ್ಮನ್ನು ಕೇಳಬೇಕಾದ್ದು ಎರಡು. ಉತ್ತರ ಕರ್ನಾಟಕದವರು ಇದಕ್ಕೆ ‘ಪ್ರೆಶರ್ ನಿಂದ್ರಂಗಿಲ್ಲ’ ಅಂತೀರೋ, ‘ಹಿಡಿಯಂಗಿಲ್ಲ’ ಅಂತೀರೋ, ಅಥವಾ ಎರಡನ್ನೂ ಬೇರೆ ಬೇರೆ ದೋಷಕ್ಕೆ ಬಳಸ್ತೀರೋ? ಇನ್ನೊಂದು, ಈ ‘ಪಾಸ್ ಆಗೋದು’. ಸೋರು, ಜಿನುಗು, ಒಸರು, ತೊಟ್ಟಿಕ್ಕು ಎಲ್ಲವೂ ಹೊರಗೆ ಕಾಣುವಂಥವು. ಹೊರಗೆ ಒಂದು ಹನಿಯೂ ಕಾಣದೆ, ಸೀಲ್ ದಾಟಿ ಒಳಗೊಳಗೇ ಆಯಿಲ್ ಹಿಂದಕ್ಕೆ ಹೋಗೋದಕ್ಕೆ ಕೈಪಿಡಿ ‘ಆಂತರಿಕ ಸೋರಿಕೆ’ ಅನ್ನುತ್ತೆ. ನನಗೆ ‘ಒಳಸೋರಿಕೆ’ ಪರವಾಗಿಲ್ಲ ಅನಿಸುತ್ತೆ. ಗ್ಯಾರೇಜುಗಳಲ್ಲಿ ಇದಕ್ಕಿಂತ ಒಳ್ಳೆಯ ಮಾತು ಕೇಳಿದ್ದರೆ, ಯಾವ ಊರಿನ ಕಡೆಯದು ಅನ್ನೋದನ್ನೂ ಸೇರಿಸಿ ಬರೆಯಿರಿ.