ಸೋಮನಾಥಪುರದ ಭುವನೇಶ್ವರಿಗಳು ವಿಆರ್‌ನಲ್ಲಿ: ತಲೆಸುತ್ತು, ತೆರೆಯದ ಕ್ಯೂಆರ್, ಎರಡೇ ಹೆಡ್‌ಸೆಟ್

ನಜರ್‌ಬಾದ್_ನೋಟ:
ದಸರಾ ಹೊತ್ತಿಗೆ ಮೈಸೂರಲ್ಲಿ 20 ಅಡಿ ಅಗಲ, 30 ಅಡಿ ಉದ್ದದ ಹಾಲ್‌ನಲ್ಲಿ ಸೋಮನಾಥಪುರದ ಕೇಶವ ದೇವಾಲಯದ ಪ್ರದರ್ಶನ ಇದೆ. ಒಳಗಿನ ಭುವನೇಶ್ವರಿಗಳು (ಕೆತ್ತನೆಯ ಒಳಛಾವಣಿಗಳು) ವಿಆರ್‌ನಲ್ಲಿ, ಅಂದರೆ ಹೆಡ್‌ಸೆಟ್ ತೊಟ್ಟು ನೋಡೋದು; ಹೊರಗೋಡೆಯ ವಿಗ್ರಹಗಳು ಫೋನಿನ ಎಆರ್‌ನಲ್ಲಿ, ಅಂದರೆ ಕ್ಯಾಮೆರಾದಲ್ಲಿ ಕಾಣುವ ನೆಲದ ಮೇಲೇ ನಿಂತಂತೆ. ಫೋಟೋಗಳಿಂದ ಕಟ್ಟಿದ ಒಂದು ಭುವನೇಶ್ವರಿಯ 3ಡಿ ಮಾಡೆಲ್ಲೇ 80 ಲಕ್ಷ ತ್ರಿಕೋನ (ಮೇಲ್ಮೈ ಕಟ್ಟುವ ಚಿಕ್ಕ ತುಂಡುಗಳು). ಹೆಡ್‌ಸೆಟ್‌ನಲ್ಲಿ ತಡವರಿಸುತ್ತೆ, ನೋಡಿದವರಿಗೆ ತಲೆ ತಿರುಗುತ್ತೆ. ಛಾವಣಿಯಿಂದ ಜೋತುಬಿದ್ದ ಬಾಳೆಮೊಗ್ಗಿನ ಕೆತ್ತನೆಯ ಪಕ್ಕಗಳಲ್ಲಿ ತೂತು ಬೇರೆ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಐಫೋನ್‌ನಲ್ಲಿ ಎಆರ್ ಬರಲ್ಲ. ಕಂಪ್ಯೂಟರ್ ಬೇಡದ ಹೆಡ್‌ಸೆಟ್ ಎರಡಿವೆ, ಸಾಕಾ?

ಬಳಪದ_ಕಲ್ಲು:
ಹೆಡ್‌ಸೆಟ್‌ನಲ್ಲಿ ಸೆಕೆಂಡಿಗೆ 72 ಫ್ರೇಮ್ (ಚಿತ್ರ) ಬೇಕೆಂದರೆ ಒಂದೊಂದಕ್ಕೂ ಸಿಗೋದು 14 ಮಿಲಿಸೆಕೆಂಡಿಗೂ ಕಡಿಮೆ. 80 ಲಕ್ಷ ಅಲ್ಲಿ ಓಡಲ್ಲ. ಒಂದೊಂದು ಭುವನೇಶ್ವರಿಯನ್ನೂ 2 ಲಕ್ಷದೊಳಗೆ ಇಳಿಸಿ, ಕೆತ್ತನೆಯ ಸೂಕ್ಷ್ಮವನ್ನು ಮೂಲ ಮಾಡೆಲ್‌ನಿಂದ ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರಕ್ಕೆ) ಬೇಕ್ ಮಾಡಿ, ಅಂದರೆ ಇಳಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಲೋಡ್ ಮಾಡಿ.

ತೂತು ಬಿದ್ದಿರೋದು ನೇರ ಕೆಳಗಿಂದ ಮಾತ್ರ ಕ್ಲಿಕ್ಕಿಸಿದ್ದಕ್ಕೆ. ಜೋತುಬಿದ್ದ ಮೊಗ್ಗಿನ ಪಕ್ಕ ಕಾಣಬೇಕಾದರೆ ಸುತ್ತ ಓರೆಯಾಗಿ ತೆಗೀಬೇಕು, ಒಂದು ಫೋಟೋದ ಶೇ. 70–80 ಭಾಗ ಮುಂದಿನದರಲ್ಲೂ ಬರುವಂತೆ. ಫ್ಲಾಶ್ ಬೇಡವೇ ಬೇಡ: ಕ್ಯಾಮೆರಾ ಸರಿದಂತೆ ನೆರಳೂ ಸರಿದು ಮೇಲ್ಮೈ ತೇಪೆತೇಪೆಯಾಗುತ್ತೆ. ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಇನ್ನೊಂದು. ಅರ್ಧ ಕೆಜಿ ಹೆಡ್‌ಸೆಟ್ ಹೊತ್ತು ಮೇಲೆ ನೋಡ್ತಾ ನಿಂತರೆ ಕತ್ತು ಹೋಗುತ್ತೆ. ನೋಡುಗರನ್ನು ಮೇಲಕ್ಕೆ ತೇಲಿಸಬೇಡಿ, ತಲೆಸುತ್ತು ಹೆಚ್ಚುತ್ತೆ. ಕುರ್ಚಿಯಲ್ಲಿ ಕೂರಿಸಿ, ಭುವನೇಶ್ವರಿಯನ್ನೇ ಓರೆಯಾಗಿ ಬಗ್ಗಿಸಿ ಕಣ್ಣ ಮಟ್ಟಕ್ಕೆ ತನ್ನಿ.

ಜಮಖಾನ:
ಐಫೋನ್‌ನ ಸಫಾರಿ ಬ್ರೌಸರ್‌ನಲ್ಲಿ ವೆಬ್‌ಎಕ್ಸ್‌ಆರ್ (ವೆಬ್ ಪುಟದಲ್ಲೇ ಎಆರ್ ತೋರಿಸುವ ವ್ಯವಸ್ಥೆ) ಇಲ್ಲ. ಆಂಡ್ರಾಯ್ಡ್‌ಗೆ ಜಿಎಲ್‌ಬಿ, ಐಫೋನ್‌ಗೆ ಯುಎಸ್‌ಡಿಝಡ್, ಎರಡೂ ಬಗೆಯ ಮಾಡೆಲ್ ಫೈಲ್ ಇಡಿ. ತಲಾ 10 ಎಂಬಿ ಮೀರದಿರಲಿ. ಅಳತೆ ಮೀಟರ್‌ನಲ್ಲೇ ಇರಬೇಕು. ಸೆಂಟಿಮೀಟರ್ ಸಂಖ್ಯೆ ಹಾಗೇ ಹೋದರೆ ವಿಗ್ರಹ ನೂರು ಪಟ್ಟು ಬೆಳೆದು, ಅದರ ಪಾದದೊಳಗೆ ನಿಂತಿರ್ತೀರಿ! ಹಾಲ್‌ನಲ್ಲೇ ಸರ್ವರ್ ಇಟ್ಟರೂ ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್ ಸಂಪರ್ಕ) ಬೇಕು, ಇಲ್ಲದಿದ್ದರೆ ಬ್ರೌಸರ್ ಕ್ಯಾಮೆರಾ ಬಿಟ್ಟುಕೊಡಲ್ಲ. ನೆಲ ಪಾಲಿಶ್ ಗ್ರಾನೈಟಾ? ಹೊಳಪಿಗೆ ಫೋನಿಗೆ ನೆಲವೇ ಸಿಗಲ್ಲ. ಚಿತ್ತಾರದ ಜಮಖಾನ ಹಾಸಿ, ಸಾಕು.

ಸರದಿ_ಸಾಲು:
ನೋಡಲು 4 ನಿಮಿಷ, ತೊಡಿಸಿ ಒರೆಸಿ ಕೊಡಲು 2. ಗಂಟೆಗೆ ಒಂದು ಹೆಡ್‌ಸೆಟ್‌ಗೆ 10 ಜನ, ಎರಡಕ್ಕೆ 20, ಅದೂ ಲೆಕ್ಕದಲ್ಲಿ. ದಸರಾ ಜನಕ್ಕೆ ಯಾವ ಮೂಲೆಗೆ? ಬ್ಯಾಟರಿ ಎರಡು ಗಂಟೆಯ ಆಸುಪಾಸು, ಹಾಗಾಗಿ ಮೂರನೆಯದೊಂದು ಚಾರ್ಜಿನಲ್ಲಿರಲಿ. ಒಳಗೆ ಕಾಣೋದನ್ನೇ ಟಿವಿಗೂ ಬಿಡಿ, ಸಾಲಿನವರಿಗೆ ಬೇಜಾರಾಗಲ್ಲ.

ಲೆನ್ಸನ್ನು ಒಣ ಮೈಕ್ರೋಫೈಬರ್‌ನಲ್ಲಷ್ಟೇ ಒರೆಸಿ; ಸ್ಪಿರಿಟ್ ಹಾಕಿದರೆ ಲೇಪ ಹಾಳು. ಕಿಟಕಿ ಬಿಸಿಲು ಲೆನ್ಸಿನೊಳಗೆ ಬಿದ್ದರೆ ಪರದೆ ಸುಡುತ್ತೆ, ಬೋರಲು ಇಡಿ. ಮುಖದ ಪಟ್ಟಿ ಸಿಲಿಕೋನ್‌ದು ಹಾಕಿಸಿ. ಜಡೆ, ಮಲ್ಲಿಗೆ ದಂಡೆಯ ಮೇಲೆ ಎಲಾಸ್ಟಿಕ್ ಪಟ್ಟಿ ಜಾರುತ್ತೆ. ಹಿಂದೆ ತಿರುಗಣೆ ಇರುವ ಗಟ್ಟಿ ಪಟ್ಟಿ ಒಳ್ಳೇದು.

ನಜರ್‌ಬಾದ್_ನೋಟ:
ಗರ್ಭಗುಡಿಯ ಮೂಲ ಕೇಶವ ಮೂರ್ತಿ ಈಗಿಲ್ಲವಲ್ಲ, ಅದನ್ನು ಮಾಡೆಲ್ ಮಾಡಿ ತುಂಬಿಸಬಹುದಾ?

ಬಳಪದ_ಕಲ್ಲು:
ತುಂಬಿಸಿ, ಆದರೆ ಕಲ್ಲಿನ ಬಣ್ಣ ಬಳಿಯಬೇಡಿ. ಸಪಾಟು ಬೂದುಬಣ್ಣದಲ್ಲಿ ಬಿಟ್ಟು, ಪಕ್ಕದಲ್ಲೇ ‘ಕಲ್ಪನೆ’ ಅಂತ ಬರೀರಿ.