ರಾತ್ರಿ 9ಕ್ಕೆ ಹಾಕಿದ ಪೋಸ್ಟ್‌ಗಳನ್ನು ಯಾರೂ ನೋಡುತ್ತಿಲ್ಲ, ಬೆಳಗ್ಗೆ 7ಕ್ಕೆ ಹಾಕಿದ್ದು ಮಾತ್ರ ಓಡುತ್ತದೆ. ಏಕೆ?

ಇರುಳುನೋಟ:

ಎಲ್ಲರಿಗೂ ನಮಸ್ಕಾರ. ನಾನು ರಾತ್ರಿಯಾಕಾಶದ ಚಿತ್ರ ತೆಗೆಯುವ ಹವ್ಯಾಸಿ. ಇನ್‌ಸ್ಟಾಗ್ರಾಮ್‌ನಲ್ಲಿ ಸುಮಾರು ಎರಡು ಸಾವಿರ ಫಾಲೋವರ್‌ಗಳಿದ್ದಾರೆ, ಫೇಸ್‌ಬುಕ್ ಪುಟದಲ್ಲಿ ಅದರ ಅರ್ಧದಷ್ಟು. ದೊಡ್ಡ ಸಂಖ್ಯೆಯೇನಲ್ಲ, ಆದರೆ ಇರುವವರು ಮಾತನಾಡುವ ಜನ. ಚಿತ್ರ ಹಾಕಿದರೆ ಯಾವ ಲೆನ್ಸ್, ಎಷ್ಟು ಸೆಕೆಂಡ್ ಎಕ್ಸ್‌ಪೋಶರ್ ಎಂದೆಲ್ಲ ಕೇಳುತ್ತಿದ್ದರು.

ಅಕ್ಟೋಬರ್‌ನಿಂದ ಆ ಮಾತು ನಿಂತುಹೋಗಿದೆ. ಮೊದಲು ಒಂದು ಪೋಸ್ಟ್‌ಗೆ ನೂರಿಪ್ಪತ್ತು, ನೂರೈವತ್ತು ಲೈಕ್ ಬರುತ್ತಿದ್ದ ಕಡೆ ಈಗ ನಲವತ್ತು ದಾಟುವುದಿಲ್ಲ. ಇನ್‌ಸೈಟ್ಸ್ (ಖಾತೆಯ ಅಂಕಿಅಂಶ ತೋರಿಸುವ ಪುಟ) ತೆರೆದು ನೋಡಿದರೆ ನನ್ನ ಫಾಲೋವರ್‌ಗಳು ಅತಿ ಹೆಚ್ಚು ಸಕ್ರಿಯರಾಗಿರುವುದು ರಾತ್ರಿ 9ರ ಆಸುಪಾಸಿನಲ್ಲಿ. ನಾನು ಶೆಡ್ಯೂಲ್ ಮಾಡುವುದೂ 9ಕ್ಕೇ. ಆದರೂ ಬೆಳಗಿನವರೆಗೆ ಒಂದು ಕಮೆಂಟೂ ಇರುವುದಿಲ್ಲ.

ತಲೆಕೆಡಿಸುವ ಸಂಗತಿ ಇನ್ನೊಂದಿದೆ. ಬೇಸರವಾಗಿ ಮೂರು ಪೋಸ್ಟ್‌ಗಳನ್ನು ಬೆಳಗ್ಗೆ 7ಕ್ಕೆ ಇಟ್ಟೆ. ಇನ್‌ಸೈಟ್ಸ್ ಗ್ರಾಫಿನಲ್ಲಿ ಆ ಹೊತ್ತಿಗೆ ಕಂಬವೇ ಇಲ್ಲ ಎನ್ನುವಷ್ಟು ಕಡಿಮೆ ಜನ. ಆ ಮೂರೂ ರಾತ್ರಿಯವಕ್ಕಿಂತ ಚೆನ್ನಾಗಿ ಓಡಿದವು! ಹಾಗಾದರೆ ಇನ್‌ಸೈಟ್ಸ್ ಸುಳ್ಳು ಹೇಳುತ್ತಿದೆಯೇ? ಅಥವಾ ಯಾವ ಪೋಸ್ಟ್ ಯಾರಿಗೆ ಕಾಣಬೇಕೆಂದು ತೀರ್ಮಾನಿಸುವ ಅಲ್ಗಾರಿದಂ ನನ್ನ ಖಾತೆಯನ್ನು ಮೂಲೆಗೆ ತಳ್ಳಿದೆಯೇ?

ಹಸಿರುಗುಂಡಿ:

ಬುಧವಾರ ಬೆಳಗ್ಗೆ 11 ಗಂಟೆಗೆ ಹಾಕಿ ನೋಡಿ. ಪೋಸ್ಟ್ ಹಾಕಲು ಒಳ್ಳೆಯ ಹೊತ್ತು ಯಾವುದೆಂದು ಹೇಳುವ ಕೆಲವು ಪಟ್ಟಿಗಳಲ್ಲಿ ಅದೇ ಅತ್ಯುತ್ತಮ ಸಮಯ ಎಂದಿರುತ್ತದೆ. ಇನ್ನೊಂದು, ಶೆಡ್ಯೂಲ್ ಮಾಡಿದ ಪೋಸ್ಟ್‌ಗಳನ್ನು ಇನ್‌ಸ್ಟಾಗ್ರಾಮ್ ಬೇಕೆಂದೇ ಕಡಿಮೆ ಜನರಿಗೆ ತೋರಿಸುತ್ತದೆ ಎಂದು ಕೇಳಿದ್ದೇನೆ. ಕೈಯಾರೆ ಹಾಕಿದರೇ ವಾಸಿ.

ನಿಧಾನಿ:

ಆ ಪಟ್ಟಿಗಳ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. 11 ಗಂಟೆ ಎಂದರೆ ಯಾರ 11? ಸಾವಿರಾರು ಖಾತೆಗಳ ಸರಾಸರಿಯಲ್ಲಿ ತರಗತಿಯಲ್ಲಿ ಕುಳಿತ ವಿದ್ಯಾರ್ಥಿ, ರಾತ್ರಿ ಪಾಳಿಯ ನರ್ಸ್, ನಿವೃತ್ತ ಗುಮಾಸ್ತ ಎಲ್ಲರೂ ಕಲಸಿಹೋಗಿರುತ್ತಾರೆ. ನಕ್ಷತ್ರ ನೋಡುವವರು ಬುಧವಾರ ಬೆಳಗ್ಗೆ 11ಕ್ಕೆ ಏನು ಮಾಡುತ್ತಿರುತ್ತಾರೆ ಎಂಬುದು ಆ ಪಟ್ಟಿ ಬರೆದವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಶೆಡ್ಯೂಲ್ ಮಾಡಿದರೆ ಶಿಕ್ಷೆ ಎನ್ನುವುದನ್ನೂ ನಾನು ನಂಬುವುದಿಲ್ಲ. ಪೋಸ್ಟನ್ನು ಮುಂಚಿತವಾಗಿ ಇಡುವ ಸೌಲಭ್ಯವನ್ನು ವೃತ್ತಿಪರ ಖಾತೆಗಳಿಗೆ ಇನ್‌ಸ್ಟಾಗ್ರಾಮ್ ತನ್ನ ಆ್ಯಪ್‌ನಲ್ಲೇ ಕೊಟ್ಟಿದೆ. ತಾನೇ ಕೊಟ್ಟ ಬಾಗಿಲಿನಿಂದ ಬಂದವರನ್ನು ಅದು ಹೊರಗೆ ನಿಲ್ಲಿಸುವುದೇಕೆ?

ಇರುಳುನೋಟ ಅವರೇ, ಅಕ್ಟೋಬರ್‌ನಲ್ಲಿ ಏನು ಬದಲಾಯಿತು? ಸಮಯವನ್ನು ಬಿಟ್ಟು ಬೇರೆ ಏನಾದರೂ?

ಮಸೂರ:

ಫಾಲೋವರ್‌ಗಳಲ್ಲಿ ಹೊರದೇಶದವರು ಎಷ್ಟಿದ್ದಾರೆ? ಯುರೋಪಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಲ್ಲಿನ ಓದುಗರು ಹೆಚ್ಚಿದ್ದರೆ ನಿಮ್ಮ ಹಳೆಯ ಸಮಯ ಸದ್ದಿಲ್ಲದೆ ಒಂದು ಗಂಟೆ ಜಾರಿರುತ್ತದೆ. ನನ್ನ ಪುಟಕ್ಕೆ ಪ್ರತಿ ವರ್ಷ ಎರಡು ಸಲ ಇದೇ ಗೋಳು.

ಇರುಳುನೋಟ:

ಮಸೂರ ಅವರೇ, ಹೊರಗಿನವರು ನೂರಕ್ಕೆ ಹತ್ತೂ ಇಲ್ಲ. ಉಳಿದವರೆಲ್ಲ ನನ್ನದೇ ಕಾಲವಲಯದವರು.

ನಿಧಾನಿ ಅವರ ಪ್ರಶ್ನೆಗೆ: ಬದಲಾದದ್ದು ಒಂದೇ. ಮೊದಲು ಫೋನಿನಿಂದ ಕೈಯಾರೆ ಹಾಕುತ್ತಿದ್ದೆ. ಆದರೆ ರಾತ್ರಿ 9 ನನಗೆ ಟೆಲಿಸ್ಕೋಪ್ ಪಕ್ಕ ನಿಂತಿರುವ ಹೊತ್ತು. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಒಮ್ಮೆ ಫೋನ್ ಬೆಳಗಿದರೆ ಅಷ್ಟೂ ವ್ಯರ್ಥ. ಹಾಗಾಗಿ ಅಕ್ಟೋಬರ್‌ನಲ್ಲಿ ಒಂದು ಶೆಡ್ಯೂಲಿಂಗ್ ತಂತ್ರಾಂಶಕ್ಕೆ ಸೇರಿಕೊಂಡೆ. ವಾರದ ಪೋಸ್ಟ್‌ಗಳನ್ನು ಭಾನುವಾರ ಒಟ್ಟಿಗೆ ಲ್ಯಾಪ್‌ಟಾಪ್‌ನಲ್ಲಿ ಕುಳಿತು ಇಟ್ಟುಬಿಡುತ್ತೇನೆ, ರಾತ್ರಿ ಫೋನ್ ಮುಟ್ಟುವುದಿಲ್ಲ.

ಅಳತೆಗೋಲು:

ಸ್ವಲ್ಪ ತಡೆಯಿರಿ. ಅಂದರೆ ನಿಮ್ಮ ಪೋಸ್ಟ್ 9ಕ್ಕೆ ಹೊರಬಿದ್ದದ್ದನ್ನು ನೀವು ಕಣ್ಣಾರೆ ಎಂದೂ ನೋಡಿಲ್ಲ. ನೀವು ನೋಡಿರುವುದು 9 ಎಂದು ತುಂಬಿದ ಪೆಟ್ಟಿಗೆಯನ್ನು ಮಾತ್ರ.

ಕಳೆದ ಹತ್ತು ಪೋಸ್ಟ್‌ಗಳು ನಿಜವಾಗಿ ಪ್ರಕಟವಾದ ಸಮಯವನ್ನು ಗಂಟೆ, ನಿಮಿಷ ಸಮೇತ ಬರೆದು ಹಾಕಿ. ಇನ್‌ಸ್ಟಾಗ್ರಾಮ್ ಆ್ಯಪ್ ‘ಇಷ್ಟು ಗಂಟೆಗಳ ಹಿಂದೆ’ ಎಂದಷ್ಟೇ ತೋರಿಸುವುದರಿಂದ ಅದರಿಂದ ಉಪಯೋಗವಿಲ್ಲ. ಫೇಸ್‌ಬುಕ್ ಪುಟವನ್ನು ಕಂಪ್ಯೂಟರ್‌ನಲ್ಲಿ ತೆರೆದು ಪೋಸ್ಟಿನ ಸಮಯದ ಮೇಲೆ ಮೌಸ್ ಇಟ್ಟರೆ ಪೂರ್ತಿ ದಿನಾಂಕ ಮತ್ತು ಸಮಯ ಕಾಣುತ್ತದೆ. ಜೊತೆಗೆ ಪ್ರತಿ ಪೋಸ್ಟಿಗೂ ಮೊದಲ ಕಮೆಂಟ್ ಎಷ್ಟು ಹೊತ್ತಿಗೆ ಬಂತು ಎನ್ನುವುದನ್ನೂ ಹುಡುಕಿ.

ಇರುಳುನೋಟ:

ನೋಡಿದೆ. ಎಲ್ಲವೂ ಸರಿಯಾಗಿಯೇ ಇವೆ. ಏಳು ಪೋಸ್ಟ್‌ಗಳು ರಾತ್ರಿ 9:00, ಮೂರು ಬೆಳಗ್ಗೆ 7:00. ಒಂದು ನಿಮಿಷವೂ ಆಚೀಚೆ ಆಗಿಲ್ಲ.

ಮೊದಲ ಕಮೆಂಟ್‌ಗಳ ಸಮಯವನ್ನು ಫೋನಿಗೆ ಬಂದ ಇಮೇಲ್ ಸೂಚನೆಗಳಲ್ಲಿ ಹುಡುಕಬೇಕಾಯಿತು. ರಾತ್ರಿಯ ಪೋಸ್ಟ್‌ಗಳಿಗೆ ಬೆಳಗಿನ ಜಾವ 5:50, 6:10, 5:35 ಹೀಗೆ. ಬೆಳಗ್ಗೆ 7ರ ಮೂರಕ್ಕೆ ಮಧ್ಯಾಹ್ನ 12:41, 12:38, 12:55.

ಅಳತೆಗೋಲು:

ಏಳು ಗಂಟೆಗೆ ಹಾಕಿದ ಮೂರು ಪೋಸ್ಟ್‌ಗಳಿಗೂ ಐದೂವರೆ ಗಂಟೆ ಯಾರೂ ಬಾಯಿ ಬಿಡದೆ, ಆಮೇಲೆ ಹತ್ತಿಪ್ಪತ್ತು ನಿಮಿಷದಲ್ಲಿ ಮಾತು ಶುರುವಾಯಿತೇ? ಜನ ಹಾಗೆ ಒಪ್ಪಂದ ಮಾಡಿಕೊಂಡು ಸುಮ್ಮನಿರುವುದಿಲ್ಲ. ನನ್ನ ಊಹೆ: ಆ ಮೂರು ಹೊರಬಿದ್ದದ್ದು ಮಧ್ಯಾಹ್ನ 12:30ಕ್ಕೆ. ರಾತ್ರಿಯವು ಹೊರಬಿದ್ದದ್ದು ನಡುರಾತ್ರಿ 2:30ಕ್ಕೆ.

ಈಗ ಒಂದೇ ಪ್ರಶ್ನೆ. ನಿಮ್ಮ ಲ್ಯಾಪ್‌ಟಾಪಿನ ಮೂಲೆಯಲ್ಲಿರುವ ಗಡಿಯಾರ ಈಗ ಎಷ್ಟು ತೋರಿಸುತ್ತಿದೆ? ನಿಮ್ಮ ಫೋನ್ ಎಷ್ಟು ತೋರಿಸುತ್ತಿದೆ?

ಇರುಳುನೋಟ:

ಅಯ್ಯೋ.

ಲ್ಯಾಪ್‌ಟಾಪ್ ಯುಟಿಸಿಯಲ್ಲಿದೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ವೀಕ್ಷಣೆಯ ದಾಖಲೆಗಳನ್ನೆಲ್ಲ ಯುಟಿಸಿಯಲ್ಲೇ ಬರೆಯುವುದು ನಮ್ಮ ಹವ್ಯಾಸದ ರೂಢಿ. ಪ್ರತಿ ಸಲ ಕಳೆಯುವ ಕೂಡುವ ಲೆಕ್ಕ ಬೇಡವೆಂದು ಆ ಲ್ಯಾಪ್‌ಟಾಪಿನ ಗಡಿಯಾರವನ್ನೇ ಯುಟಿಸಿಗೆ ತಿರುಗಿಸಿಟ್ಟಿದ್ದೆ. ಎರಡು ವರ್ಷದಿಂದ ಹಾಗೇ ಇದೆ, ಕಣ್ಣಿಗೆ ಅದು ಅಭ್ಯಾಸವಾಗಿ ಹೋಗಿದೆ. ತಂತ್ರಾಂಶದ ಸೆಟ್ಟಿಂಗ್ಸ್ ತೆರೆದೆ. ನಾನು ಖಾತೆ ತೆರೆದ ದಿನ ಅದು ಲ್ಯಾಪ್‌ಟಾಪಿನಿಂದಲೇ ಕಾಲವಲಯವನ್ನು ಎತ್ತಿಕೊಂಡಿದೆ. ಅಲ್ಲಿಯೂ ಯುಟಿಸಿ.

ಆದರೆ ಫೇಸ್‌ಬುಕ್ 9:00 ಎಂದು ತೋರಿಸಿತಲ್ಲ?

ಅಳತೆಗೋಲು:

ಅದನ್ನೂ ಅದೇ ಲ್ಯಾಪ್‌ಟಾಪಿನಲ್ಲಿ ನೋಡಿದಿರಲ್ಲ! ಜಾಲತಾಣಗಳು ಪೋಸ್ಟಿನ ಕ್ಷಣವನ್ನು ನೀವು ನೋಡುತ್ತಿರುವ ಯಂತ್ರದ ಗಡಿಯಾರಕ್ಕೆ ಹೊಂದಿಸಿ ತೋರಿಸುತ್ತವೆ. ತಪ್ಪು ಗಡಿಯಾರವನ್ನು ಅದೇ ತಪ್ಪು ಗಡಿಯಾರದಿಂದ ಪರೀಕ್ಷಿಸಿದರೆ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ದೋಷ ನನ್ನದೂ ಇದೆ, ಕಂಪ್ಯೂಟರ್‌ನಲ್ಲಿ ನೋಡಿ ಎಂದವನು ನಾನೇ.

ವ್ಯತ್ಯಾಸದಲ್ಲಿ ಅರ್ಧ ಗಂಟೆಯ ಬಾಲ ಕಂಡಾಗಲೇ ನನಗೆ ಕಾಲವಲಯದ ವಾಸನೆ ಹೊಡೆಯಿತು.

ಲ್ಯಾಪ್‌ಟಾಪಿನ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ತನ್ನಿ, ಯುಟಿಸಿಗೆ ಎರಡನೆಯ ಗಡಿಯಾರವೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಹೆಚ್ಚುವರಿ ಗಡಿಯಾರ ಸೇರಿಸಲು ಅವಕಾಶವಿದೆ. ತಂತ್ರಾಂಶದ ಕಾಲವಲಯವನ್ನು ಬೇರೆಯಾಗಿ ಬದಲಾಯಿಸಬೇಕು, ಲ್ಯಾಪ್‌ಟಾಪ್ ಬದಲಾದ ಮಾತ್ರಕ್ಕೆ ಅದು ಬದಲಾಗುತ್ತದೆ ಎಂದುಕೊಳ್ಳಬೇಡಿ.

ಹಸಿರುಗುಂಡಿ:

ನಾನು ಹೇಳಿದ ಬುಧವಾರ 11ನ್ನು ಇವರು ಪಾಲಿಸಿದ್ದರೆ ಅದು ಸಂಜೆ ನಾಲ್ಕೂವರೆಗೆ ಹೋಗುತ್ತಿತ್ತು! ಅದಿರಲಿ, ಗಡಿಯಾರ ಸರಿಹೋದ ಮೇಲಾದರೂ 9 ಗಂಟೆಯೇ ಸರಿ ತಾನೇ?

ನಿಧಾನಿ:

ಅದು ಇನ್ನೂ ಗೊತ್ತಿಲ್ಲ. ಆ ಗ್ರಾಫ್ ಹೇಳುವುದು ಫಾಲೋವರ್‌ಗಳು ಯಾವಾಗ ಆ್ಯಪ್‌ನಲ್ಲಿರುತ್ತಾರೆ ಎಂಬುದನ್ನು. ಅವರು ಯಾವಾಗ ನಿಂತು ಓದಿ ಎರಡು ಸಾಲು ಬರೆಯುವ ಮನಸ್ಸಿನಲ್ಲಿರುತ್ತಾರೆ ಎಂಬುದನ್ನಲ್ಲ. ರಾತ್ರಿ 9ಕ್ಕೆ ಜನ ಹೆಚ್ಚು, ಆದರೆ ಅದೇ ಗ್ರಾಫ್ ನೋಡಿ ಅದೇ ಹೊತ್ತಿಗೆ ಹಾಕುವವರೂ ಹೆಚ್ಚು. ನನ್ನ ಸ್ವಂತ ಪುಟದಲ್ಲಿ ಕಂಬ ಏರತೊಡಗುವುದಕ್ಕೆ ಮುಕ್ಕಾಲು ಗಂಟೆ ಮೊದಲು ಹಾಕಿದವು ಹೆಚ್ಚು ಮಾತನಾಡಿಸುತ್ತವೆ. ನಿಮ್ಮಲ್ಲಿ ಬೇರೆಯಾಗಬಹುದು.

ಇನ್ನು ಸಮಯಕ್ಕೆ ಎಷ್ಟು ಬಲವಿದೆ ಎಂಬ ಮಾತು. ಇನ್‌ಸ್ಟಾಗ್ರಾಮ್ ಫೀಡ್ ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಕ್ರಮವನ್ನು 2016ರಲ್ಲೇ ಬಿಟ್ಟಿತು. 2022ರಲ್ಲಿ ಬೇಕೆಂದವರಿಗೆ ಕಾಲಕ್ರಮದ ಫೀಡನ್ನು ಮರಳಿ ಕೊಟ್ಟಿತಾದರೂ ಆ್ಯಪ್ ತೆರೆದೊಡನೆ ಕಾಣುವುದು ಅದಲ್ಲ. ಪೋಸ್ಟ್ ಎಷ್ಟು ಹೊಸದು ಎನ್ನುವುದು ಈಗಲೂ ಲೆಕ್ಕಕ್ಕಿದೆ, ಆದರೆ ನೋಡುಗ ನಿಮ್ಮ ಪೋಸ್ಟ್‌ಗಳಿಗೆ ಹಿಂದೆ ಸ್ಪಂದಿಸಿದ್ದಾನೆಯೇ, ಎಂಥವನ್ನು ನಿಂತು ನೋಡುತ್ತಾನೆ ಎಂಬ ಹಲವು ಸಂಗತಿಗಳ ನಡುವೆ ಅದೊಂದು. ಯೂಟ್ಯೂಬ್ ಅಂತೂ ತನ್ನ ಸಹಾಯ ಪುಟದಲ್ಲೇ ಹೇಳಿದೆ: ಪ್ರಕಟಿಸುವ ಹೊತ್ತು ವಿಡಿಯೊದ ದೀರ್ಘಕಾಲದ ಓಟದ ಮೇಲೆ ನೇರ ಪರಿಣಾಮ ಬೀರುತ್ತದೆ ಎಂದು ಕಂಡುಬಂದಿಲ್ಲ. ಸಮಯ ನಿಜವಾಗಿ ಬಿಗಿಯಾಗಿರುವುದು 24 ಗಂಟೆಗೆ ಮಾಯವಾಗುವ ಸ್ಟೋರಿಗಳಲ್ಲಿ ಮತ್ತು ನೇರಪ್ರಸಾರದಲ್ಲಿ.

ಆದರೂ ನಡುರಾತ್ರಿ 2:30 ಎಂದರೆ ನಿಮ್ಮ ನೆಚ್ಚಿನ ಓದುಗರೆಲ್ಲ ಮಲಗಿರುವ ಹೊತ್ತು. ಮೊದಲ ಮೂರು, ಮೂರೂವರೆ ಗಂಟೆ ಯಾರೂ ಮುಟ್ಟದ ಪೋಸ್ಟನ್ನು ಬೆಳಗಾದ ಮೇಲೆ ಹೊಸ ಪೋಸ್ಟ್‌ಗಳು ಹಿಂದಕ್ಕೆ ತಳ್ಳುತ್ತವೆ. ನಿಮಗಾದದ್ದು ಅದೇ ಇರಬೇಕು.

ಮಸೂರ:

ಯಾವ ಹೊತ್ತು ಒಳ್ಳೆಯದು ಎಂದು ಪರೀಕ್ಷಿಸುವುದಾದರೆ ಒಂದು ವಿಷಯ ಗಮನದಲ್ಲಿರಲಿ. ನೀವು ‘ಮೊದಲು ನೂರೈವತ್ತು’ ಎಂದಿರಲ್ಲ, ಅದರಲ್ಲಿ 2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣದ ಚಿತ್ರವೂ ಸೇರಿದೆಯೇ? ಆ ರಾತ್ರಿ ಕೆಂಪು ಚಂದ್ರನನ್ನು ಯಾರು ಹಾಕಿದರೂ ಓಡುತ್ತಿತ್ತು. ಅಂಥ ಒಂದು ಪೋಸ್ಟ್ ಇಡೀ ತಿಂಗಳ ಸರಾಸರಿಯನ್ನು ಎತ್ತಿಬಿಡುತ್ತದೆ, ಆಮೇಲೆ ಬಂದದ್ದೆಲ್ಲ ಕುಸಿತದಂತೆ ಕಾಣುತ್ತದೆ. ಸರಾಸರಿ ಬಿಡಿ, ಸಂಖ್ಯೆಗಳನ್ನು ಸಾಲಾಗಿ ಬರೆದು ನಟ್ಟನಡುವಿನದನ್ನು ಹಿಡಿಯಿರಿ.

ಇರುಳುನೋಟ:

ಸೇರಿದೆ. ಅದಕ್ಕೊಂದಕ್ಕೇ ಆರುನೂರರ ಹತ್ತಿರ ಬಂದಿತ್ತು. ಅದನ್ನು ತೆಗೆದು ನಡುಸಂಖ್ಯೆ ನೋಡಿದರೆ ಮೊದಲು 96, ಈಗ 37. ಕುಸಿತ ನಿಜ, ಆದರೆ ನಾನು ಗೋಳಾಡಿದಷ್ಟಿಲ್ಲ.

ಪರೀಕ್ಷೆಯನ್ನು ಹೇಗೆ ಮಾಡಲಿ? ಒಂದು ವಾರ 8ಕ್ಕೆ, ಇನ್ನೊಂದು ವಾರ 9ಕ್ಕೆ ಸಾಕೇ?

ಅಳತೆಗೋಲು:

ಸಾಲದು. ಒಂದು ವಾರ ಹುಣ್ಣಿಮೆ, ಇನ್ನೊಂದು ವಾರ ಅಮಾವಾಸ್ಯೆ, ನಿಮ್ಮ ಚಿತ್ರಗಳೇ ಬೇರೆಯಾಗಿಬಿಡುತ್ತವೆ. ಅದೇ ವಾರದೊಳಗೆ ಸಮಯಗಳನ್ನು ಅದಲುಬದಲು ಮಾಡಿ, ಆರು ವಾರವಾದರೂ ನಡೆಸಿ. ಒಂದೇ ಬಗೆಯ ಪೋಸ್ಟ್‌ಗಳನ್ನು ಮಾತ್ರ ಹೋಲಿಸಿ, ರೀಲ್ಸನ್ನು ಸ್ಥಿರಚಿತ್ರದ ಪಕ್ಕ ನಿಲ್ಲಿಸಬೇಡಿ. ಪ್ರತಿಯೊಂದರ ಲೆಕ್ಕವನ್ನೂ ಪ್ರಕಟವಾಗಿ ಸರಿಯಾಗಿ 48 ಗಂಟೆ ಆದಾಗ ಬರೆದುಕೊಳ್ಳಿ. ಇಲ್ಲವಾದರೆ ಹಳೆಯ ಪೋಸ್ಟ್ ಹೆಚ್ಚು ದಿನ ಬದುಕಿದ್ದಕ್ಕೇ ಗೆದ್ದಂತೆ ಕಾಣುತ್ತದೆ.

ಬರಿಯ ಲೈಕ್ ಎಣಿಸಬೇಡಿ. ಲೈಕ್, ಕಮೆಂಟ್, ಸೇವ್, ಶೇರ್ ಎಲ್ಲ ಕೂಡಿಸಿ ಆ ಪೋಸ್ಟ್ ತಲುಪಿದ ಖಾತೆಗಳ ಸಂಖ್ಯೆಯಿಂದ ಭಾಗಿಸಿ. ತಲುಪಿದ ಸಂಖ್ಯೆ ಕುಸಿದು ಈ ಪ್ರಮಾಣ ಹಾಗೇ ಇದ್ದರೆ ಪೋಸ್ಟ್ ಜನರ ಕಣ್ಣಿಗೇ ಬೀಳುತ್ತಿಲ್ಲ ಎಂದರ್ಥ, ಅಲ್ಲಿ ಸಮಯವನ್ನು ಬದಲಿಸಿ ನೋಡಬಹುದು. ಕಣ್ಣಿಗೆ ಬಿದ್ದೂ ಪ್ರಮಾಣ ಕುಸಿದರೆ ಚಿತ್ರವನ್ನೋ ಬರಹವನ್ನೋ ನೋಡಬೇಕು, ಗಡಿಯಾರದಿಂದ ಏನೂ ಆಗದು.

ನಿಧಾನಿ:

ಇನ್ನೊಂದು ಮಾತು, ಇದನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಮೊದಲು ನೀವು ಕೈಯಾರೆ ಹಾಕಿದಾಗ ಬಂದ ಪ್ರಶ್ನೆಗೆ ಆಗಲೇ ಉತ್ತರಿಸುತ್ತಿದ್ದಿರಿ, ಅದರಿಂದ ಮಾತು ಬೆಳೆಯುತ್ತಿತ್ತು. ಈಗ 9ಕ್ಕೆ ಸರಿಯಾಗಿ ಹೋದರೂ ನೀವು ಟೆಲಿಸ್ಕೋಪ್ ಪಕ್ಕ ಇರುತ್ತೀರಿ. ಗ್ರಾಫ್ ತುಸು ಕೆಳಗಿದ್ದರೂ ಪರವಾಗಿಲ್ಲ, ಮುಂದಿನ ಅರ್ಧ ಗಂಟೆ ನೀವು ಬಿಡುವಾಗಿರುವ ಹೊತ್ತನ್ನು ಆರಿಸಿ. ಸಂಜೆ 7 ಹೇಗೆ?

ಡಿಸೆಂಬರ್ 13–14ರ ಜೆಮಿನಿಡ್ಸ್ ಉಲ್ಕಾವೃಷ್ಟಿಯ ಬಗ್ಗೆ ಬರೆಯುವುದಿದ್ದರೆ ಅದು ಬೇರೆ ಲೆಕ್ಕ. ಯಾವಾಗ, ಎಲ್ಲಿ ನೋಡಬೇಕು ಎಂಬ ಬರಹ ಒಂದೆರಡು ದಿನ ಮೊದಲೇ ಹೋಗಬೇಕು. ಚಿತ್ರಗಳು ಮರುದಿನ ಬೆಳಗ್ಗೆಯೇ ಹೋಗಬೇಕು, ಮೋಡ ಕವಿದು ಏನೂ ಕಾಣದವರು ಆಗ ಹುಡುಕುತ್ತಿರುತ್ತಾರೆ. ಚೆನ್ನಾಗಿ ಸಂಸ್ಕರಿಸಿ ವಾರದ ನಂತರ ಹಾಕುವ ಆಸೆ ನಿಮ್ಮಂಥವರಿಗೆಲ್ಲ ಇರುತ್ತದೆ, ತಡೆದುಕೊಳ್ಳಿ. ಅದನ್ನು ಇನ್ನೊಂದು ಪೋಸ್ಟ್ ಮಾಡಿದರಾಯಿತು.

ಇರುಳುನೋಟ:

ನಾಲ್ಕು ದಿನದ ನಂತರದ ವರದಿ. ಲ್ಯಾಪ್‌ಟಾಪ್, ತಂತ್ರಾಂಶ ಎರಡನ್ನೂ ಸರಿಪಡಿಸಿದೆ. ಆದರೂ ಮೊನ್ನೆಯ ಪೋಸ್ಟ್ ಮತ್ತೆ ನಡುರಾತ್ರಿ 2:30ಕ್ಕೇ ಹೋಗಿದೆ! ಈ ಸಲ ಫೋನಿನಲ್ಲೇ ನೋಡಿದೆ. ನಿನ್ನೆಯದೂ ಹಾಗೆಯೇ.

ಅಳತೆಗೋಲು:

ಅವು ಕಾಲವಲಯ ಬದಲಿಸುವ ಮೊದಲೇ ಸಾಲಿನಲ್ಲಿ ಇಟ್ಟವೇ? ಹಾಗಿದ್ದರೆ ಆಗ ನಿಗದಿಯಾದ ಕ್ಷಣವನ್ನೇ ತಂತ್ರಾಂಶ ಹಿಡಿದುಕೊಂಡಿದೆ. ಸೆಟ್ಟಿಂಗ್ಸ್ ಬದಲಾಯಿಸಿದರೆ ಆ ಕ್ಷಣವನ್ನು ತೋರಿಸುವ ರೀತಿ ಮಾತ್ರ ಬದಲಾಗುತ್ತದೆ. ಸಾಲನ್ನು ಈಗ ತೆರೆದರೆ ಉಳಿದವೂ 2:30 ಎಂದೇ ಕಾಣಬೇಕು.

ಇರುಳುನೋಟ:

ಹೌದು, ಇನ್ನೂ ಐದು ಹಾಗೇ ಕುಳಿತಿದ್ದವು, ಜೆಮಿನಿಡ್ಸ್ ಬರಹವೂ ಅವುಗಳಲ್ಲೊಂದು. ಎಲ್ಲವನ್ನೂ ತೆಗೆದು ಸಂಜೆ 7ಕ್ಕೆ ಹೊಸದಾಗಿ ಇಟ್ಟೆ. ಮೊದಲನೆಯದು ಇಂದು ಹೋಯಿತು. ಫೋನ್ 7:00 ಎಂದಿತು, 7:04ಕ್ಕೆ ಯಾರೋ ‘ಎಷ್ಟು ಸೆಕೆಂಡ್ ಎಕ್ಸ್‌ಪೋಶರ್?’ ಎಂದು ಕೇಳಿದ್ದಾರೆ. ಉತ್ತರ ಬರೆದು ಬರುತ್ತೇನೆ.