ಫುಟ್‌ಬಾಲ್ ಫೈನಲ್ ರಾತ್ರಿಗೆ 25 ಕೆ.ಜಿ. ಚಿಕನ್ ವಿಂಗ್ಸ್: ಮಂಗಳೂರಲ್ಲಿ ಯಾರ ಹತ್ರ, ಯಾವಾಗ, ಎಂತ ರೇಟಿಗೆ?

ಬೋಳಾರ_ಫುಟ್‌ಬಾಲ್ (ಪ್ರಶ್ನೆ)

ವಿಶ್ವಕಪ್ ಫೈನಲ್ 2026ರ ಜುಲೈ 19ಕ್ಕೆ. ನ್ಯೂಜೆರ್ಸಿಯ ಮಧ್ಯಾಹ್ನ 3 ಗಂಟೆ ಅಂದ್ರೆ ನಮಗೆ ಆದಿತ್ಯವಾರ ರಾತ್ರಿ 12.30. ಹಾಲ್‌ನಲ್ಲಿ ಪರದೆ ಕಟ್ಟಿ 80 ಜನ ಒಟ್ಟಿಗೆ ನೋಡುದು, ತಿನ್ಲಿಕ್ಕೆ ಮುಖ್ಯವಾಗಿ ವಿಂಗ್ಸ್. ತಲೆಗೆ 300 ಗ್ರಾಂ ಹಸಿ ತೂಕದ ಲೆಕ್ಕದಲ್ಲಿ 25 ಕೆ.ಜಿ. ಬೇಕು.

ಮೂರು ಅಂಗಡಿಯಲ್ಲಿ ಕೇಳಿದ್ದಕ್ಕೆ ಮೂರು ಉತ್ತರ ಬಂತು. ಒಬ್ಬರು ಬರೀ ರೆಕ್ಕೆ ಕೊಡ್ಲಿಕ್ಕೇ ಆಗುದಿಲ್ಲ ಅಂದ್ರು. ಇನ್ನೊಬ್ಬರು ಸ್ಕಿನ್‌ಲೆಸ್ ಕೋಳಿಯ ರೇಟಿನ ಮೇಲೆ ಕೆ.ಜಿ.ಗೆ 40 ರೂಪಾಯಿ ಜಾಸ್ತಿ ಹೇಳಿದ್ರು. ಮೂರನೆಯವರು ಸ್ಕಿನ್‌ಲೆಸ್‌ಗಿಂತ ಕಡಿಮೆಗೇ ಕೊಡ್ತೇವೆ, ಆದ್ರೆ ಎಷ್ಟು ಸಿಗ್ತದೆ ಅಂತ ಶನಿವಾರ ಹೇಳ್ತೇವೆ ಅಂದ್ರು. ಯಾರನ್ನು ನಂಬುದು? ಫ್ರೋಜನ್ ತಗೊಂಡ್ರೆ ರುಚಿ ಹೋಗ್ತದಾ? ಮತ್ತೆ ಗರಿಗರಿ ಆಗ್ಲಿಕ್ಕೆ ಸ್ಕಿನ್ ಬೇಕೇ ಬೇಕಾ?

ಕಟ್ಟಿಂಗ್_ಕೌಂಟರ್

ಮೂವರು ಹೇಳಿದ್ದೂ ಸರಿಯೇ ಮಾರಾಯ್ರೆ. ಅವರವರ ವ್ಯಾಪಾರ ಬೇರೆ, ಹಾಗಾಗಿ ಉತ್ತರವೂ ಬೇರೆ.

ಮೊದಲು ಕೋಳಿ ಎಷ್ಟು ಬೇಕು ನೋಡಿ. ಜೀವಂತ 2 ಕೆ.ಜಿ. ತೂಗುವ ಬ್ರಾಯ್ಲರ್‌ನಲ್ಲಿ ಸ್ಕಿನ್ ಸಮೇತ ಇಡೀ ರೆಕ್ಕೆ ಒಂದಕ್ಕೆ 75ರಿಂದ 80 ಗ್ರಾಂ ಬರ್ತದೆ. ನಮ್ಮ ಹೆಚ್ಚಿನ ಅಂಗಡಿಗಳಲ್ಲಿ ಪುಕ್ಕದೊಟ್ಟಿಗೆ ಚರ್ಮವನ್ನೂ ಎಳೆದು ತೆಗೆಯುದು, ರೆಕ್ಕೆಯ ತುದಿ ಕಡಿದು ಬಿಸಾಡುದು. ಹಾಗೆ ಮಾಡಿದ್ರೆ ಕೈಗೆ ಸಿಗುದು 50 ಗ್ರಾಂ ಆಸುಪಾಸು. ಅಂದ್ರೆ 25 ಕೆ.ಜಿ.ಗೆ ಸ್ಕಿನ್ ಸಮೇತ ಆದ್ರೆ ಸುಮಾರು 320 ರೆಕ್ಕೆ, 160 ಕೋಳಿ. ಸ್ಕಿನ್‌ಲೆಸ್ ಆದ್ರೆ 500 ರೆಕ್ಕೆ, 250 ಕೋಳಿ! ಒಂದು ಕೋಳಿಗೆ ಎರಡೇ ರೆಕ್ಕೆ. ಮಿಕ್ಕ ಮಾಂಸ ಯಾರು ತಗೊಳ್ತಾರೆ ಅನ್ನುದರ ಮೇಲೆ ನಿಮ್ಮ ರೇಟು ನಿಂತಿರ್ತದೆ.

ಮನೆ ಗಿರಾಕಿಗಳೇ ಇರುವ ಅಂಗಡಿಯಲ್ಲಿ ಕೋಳಿಯನ್ನು ಗಿರಾಕಿಯ ಎದುರೇ ತೂಗಿ ಕಡಿದು ಪೂರ್ತಿ ಅವರಿಗೇ ಕಟ್ಟಿ ಕೊಡುದು. ಅಲ್ಲಿ ರೆಕ್ಕೆ ಮಿಗುವ ಪ್ರಶ್ನೆಯೇ ಇಲ್ಲ. ನಿಮಗೆ ಆಗುದಿಲ್ಲ ಅಂದವರದ್ದು ಹೆಚ್ಚಾಗಿ ಅಂಥ ಅಂಗಡಿ. ಹೋಟೆಲ್‌ಗಳಿಗೆ ಕಬಾಬ್‌ಗೆ ಬೋನ್‌ಲೆಸ್, ತಂದೂರಿಗೆ ಲೆಗ್ ಹಾಕುವವರ ಹತ್ರ ಮಾತ್ರ ರೆಕ್ಕೆ, ಕುತ್ತಿಗೆ, ಬೆನ್ನಿನ ಭಾಗ ದಿನಾ ಮಿಗ್ತದೆ. ಅವರಿಗೆ ಅದು ಖರ್ಚಾದ್ರೆ ಸಾಕು, ಆದ್ರಿಂದ ಕಡಿಮೆ ರೇಟು. ಮೂರನೆಯವರು ಆ ಪೈಕಿ ಇರ್ಬೇಕು.

ಆದ್ರೆ ನಿಮ್ಮ ಎದುರಾಳಿ ಒಬ್ಬ ಇದ್ದಾನೆ: ಲಾಲಿಪಾಪ್. ಚೈನೀಸ್ ಕೌಂಟರ್‌ಗಳ ಲಾಲಿಪಾಪ್ ಆಗುದು ಇದೇ ರೆಕ್ಕೆಯಿಂದ. ಭುಜದ ಕಡೆಯ ತುಂಡಿನ ಮಾಂಸವನ್ನು ಒಂದು ತುದಿಗೆ ಜಾರಿಸಿ ಎಲುಬು ಬಿಡಿಸುದು, ನಡು ತುಂಡಲ್ಲಾದ್ರೆ ಎರಡು ಎಲುಬಿನಲ್ಲಿ ತೆಳ್ಳಗಿನದ್ದನ್ನು ಕಿತ್ತು ಉಳಿದದ್ದನ್ನು ಹಾಗೇ ಮಾಡುದು. ಶನಿವಾರ, ಆದಿತ್ಯವಾರ ಅದಕ್ಕೆ ಖಾಯಂ ಆರ್ಡರ್ ಇರ್ತದೆ. ಹಾಗಾಗಿ "ಶನಿವಾರ ಹೇಳ್ತೇವೆ" ಅನ್ನುದನ್ನು ಒಪ್ಪಬೇಡಿ. ಎರಡು ವಾರ ಮೊದಲೇ ಅಡ್ವಾನ್ಸ್ ಕೊಟ್ಟು, ಇಂತಿಷ್ಟು ಕೆ.ಜಿ., ತುದಿ ಇಲ್ಲದೆ, ಗಂಟಿನಲ್ಲಿ ಕಡಿದು ಎರಡು ತುಂಡು ಅಂತ ಚೀಟಿಯಲ್ಲಿ ಬರೆಸಿ. ಗಂಟು ಬಿಟ್ಟು ಎಲುಬಿನ ಮೇಲೆ ಕತ್ತಿ ಬಿದ್ರೆ ಚೂರುಗಳು ಮಾಂಸದಲ್ಲಿ ಉಳಿತವೆ. ಕತ್ತಲಲ್ಲಿ ಪರದೆ ನೋಡ್ತಾ ತಿನ್ನುವವರ ಗಂಟಲಿಗೆ ಅದು ಅಪಾಯ.

ಆದಿತ್ಯವಾರ ಬೆಳಿಗ್ಗೆಗೆ ಮಾತ್ರ ಇಡ್ಬೇಡಿ. ಅವತ್ತು ಕೋಳಿ ಎಷ್ಟೇ ಇದ್ರೂ ಕಡಿಯುವ ಕೈಗೆ ಪುರುಸೊತ್ತು ಇರುದಿಲ್ಲ.

ಫಾರ್ಮ್_ಲೈನ್_ಮೂಡುಬಿದಿರೆ

ರೇಟಿನ ಬಗ್ಗೆ ಸೇರಿಸ್ತೇನೆ. ಫುಟ್‌ಬಾಲ್ ಮ್ಯಾಚ್‌ಗೆ ಇಲ್ಲಿನ ಲೈವ್ ರೇಟು (ಜೀವಂತ ಕೋಳಿಯ ಕೆ.ಜಿ. ರೇಟು) ಅಲುಗುದಿಲ್ಲ. ಅಲುಗಿಸುವ ಸಂಗತಿಗಳು ಬೇರೆ ಇವೆ, ಅವೆಲ್ಲ ಜುಲೈಯಲ್ಲೇ ಒಟ್ಟಾಗ್ತವೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನು ಹಿಡಿಯುವ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಂಗುಡೆ, ಬೂತಾಯಿ ದುಬಾರಿ ಆದಾಗ ಕರಾವಳಿಯ ಮನೆಗಳು ಕೋಳಿಗೆ ತಿರುಗ್ತವೆ. ಮತ್ತೆ ಈಗ ಅಂಗಡಿಗೆ ಬರುವ ಕೋಳಿಯ ಲೆಕ್ಕ ಮೇ ತಿಂಗಳಲ್ಲೇ ನಿಶ್ಚಯ ಆಗಿರ್ತದೆ. ಮೊಟ್ಟೆ ಮರಿಯಾಗ್ಲಿಕ್ಕೆ 21 ದಿನ, ಮರಿ 2 ಕೆ.ಜಿ. ಆಗ್ಲಿಕ್ಕೆ 35ರಿಂದ 40 ದಿನ. ಜುಲೈ 19ಕ್ಕೆ ಬೇಕಾದ ಕೋಳಿಯ ಮೊಟ್ಟೆ ಮೇ 20ರ ಹೊತ್ತಿಗೆ ಇನ್‌ಕ್ಯುಬೇಟರ್‌ನಲ್ಲಿ ಇರ್ಬೇಕು. ಜುಲೈಯಲ್ಲಿ ಬೇಡಿಕೆ ಎದ್ದಿತು ಅಂತ ಕೋಳಿ ಹೆಚ್ಚು ಮಾಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ.

ಆಟಿಯಲ್ಲಿ (ತುಳುವರ ಆಷಾಢ ತಿಂಗಳು) ಮದುವೆ ಇಲ್ಲ, ಆದ್ರಿಂದ ರೇಟು ಇಳಿಬೇಕು ಅಂತ ಕೆಲವರ ಲೆಕ್ಕ. ಅದು ಅರ್ಧ ಸರಿ. ಜುಲೈ 19 ಆಟಿಯ ಮೊದಲ ಆದಿತ್ಯವಾರ, ಸಂಘಸಂಸ್ಥೆಗಳ "ಆಟಿಡೊಂಜಿ ದಿನ" (ಆಟಿಯಲ್ಲೊಂದು ದಿನ) ಕೂಟಗಳು ಶುರುವಾಗುದೂ ಆಗಲೇ. ಅಲ್ಲಿ ಕೋರಿ ರೊಟ್ಟಿಗೆ ಇಡೀ ಕೋಳಿಯೇ ಹೋಗ್ತದೆ, ರೆಕ್ಕೆಯನ್ನೂ ಸೇರಿಸಿ.

ಏರಿಳಿಯುವ ರೇಟಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಉದಾಹರಣೆಗೆ ಲೈವ್ 120 ರೂಪಾಯಿ ಅಂತ ಹಿಡಿಯಿರಿ. 2 ಕೆ.ಜಿ. ಕೋಳಿಗೆ 240. ಸ್ಕಿನ್‌ಲೆಸ್ ಮಾಂಸ 65 ಶೇಕಡಾ, ಅಂದ್ರೆ 1.3 ಕೆ.ಜಿ. ಕೂಲಿ, ಬಾಡಿಗೆ, ಲಾಭ ಎಲ್ಲ ಬಿಟ್ಟು ಕೆ.ಜಿ.ಗೆ 185 ರೂಪಾಯಿ ಅಸಲು ಬಿತ್ತು. ಲೈವ್ ರೇಟು 10 ರೂಪಾಯಿ ಏರಿದ್ರೆ ಮಾಂಸದಲ್ಲಿ 15 ರೂಪಾಯಿ ಏರ್ತದೆ. ಆದ್ರಿಂದ ಇವತ್ತೇ ಒಂದು ಸಂಖ್ಯೆಗೆ ಒಪ್ಪಂದ ಮಾಡಿದ್ರೆ ಇಬ್ಬರಲ್ಲಿ ಒಬ್ಬರಿಗೆ ಪೆಟ್ಟು, ಕೊನೆಗೆ ಅವರು ಮಾಲು ಕಡಿಮೆ ಕೊಟ್ಟು ಸರಿದೂಗಿಸ್ತಾರೆ. "ಕೊಡುವ ದಿನದ ಸ್ಕಿನ್‌ಲೆಸ್ ಬೋರ್ಡ್ ರೇಟಿಗಿಂತ ಇಂತಿಷ್ಟು ಕಡಿಮೆ" ಅಂತ ಮಾತಾಡಿ. 40 ರೂಪಾಯಿ ಜಾಸ್ತಿ ಕೇಳಿದವರು ಮಿಕ್ಕ ಮಾಂಸ ಖರ್ಚಾಗದಿದ್ರೆ ಅಂತ ಭಯಪಟ್ಟು ಆ ನಷ್ಟವನ್ನು ಮೊದಲೇ ಹಾಕಿದ್ದಾರೆ.

ಕೋಲ್ಡ್_ಸ್ಟೋರ್_ಬೈಕಂಪಾಡಿ

ಕೋಳಿಗೆ ಎರಡೇ ರೆಕ್ಕೆ ಅನ್ನುವ ಇದೇ ತೊಂದರೆಯನ್ನು ಅಮೆರಿಕದವರು ಹೇಗೆ ಬಿಡಿಸಿಕೊಂಡಿದ್ದಾರೆ ಅಂತ ನೋಡಿದ್ರೆ ನಿಮ್ಮ ಫ್ರೋಜನ್ ಪ್ರಶ್ನೆಗೆ ಉತ್ತರ ಸಿಗ್ತದೆ. ಬಫಲೋ ನಗರದ ಆ್ಯಂಕರ್ ಬಾರ್‌ನಲ್ಲಿ 1964ರಲ್ಲಿ ಶುರುವಾಯ್ತು ಅಂತ ಹೇಳುವ ಈ ತಿಂಡಿ ಈಗ ಅಲ್ಲಿನ ಸೂಪರ್ ಬೌಲ್ ದಿನದ ಮುಖ್ಯ ಊಟ (ಅದು ಅವರ ಅಮೆರಿಕನ್ ಫುಟ್‌ಬಾಲ್, ನಮ್ಮದಲ್ಲ). 2025ರ ಪಂದ್ಯಕ್ಕೆ ಅಲ್ಲಿನ ಕೋಳಿ ಉದ್ಯಮದ ಸಂಘ ನ್ಯಾಷನಲ್ ಚಿಕನ್ ಕೌನ್ಸಿಲ್ ಹಾಕಿದ ಅಂದಾಜು 147 ಕೋಟಿ ವಿಂಗ್ಸ್. ರೆಕ್ಕೆಯನ್ನು ಎರಡು ತುಂಡು ಮಾಡಿ, ಒಂದು ಕೋಳಿಯಿಂದ ನಾಲ್ಕು ತುಂಡು ಅಂತ ಹಿಡಿದ್ರೂ ಸುಮಾರು 37 ಕೋಟಿ ಕೋಳಿ. ಆ ದೇಶದಲ್ಲಿ ವರ್ಷಕ್ಕೆ ಕಡಿಯುವ ಬ್ರಾಯ್ಲರ್ 900 ಕೋಟಿಗೂ ಮೇಲೆ, ವಾರಕ್ಕೆ 17-18 ಕೋಟಿ. ಅಂದ್ರೆ ಒಂದು ಆಟಕ್ಕೆ ಇಡೀ ದೇಶದ ಕನಿಷ್ಠ ಎರಡು ವಾರದ ರೆಕ್ಕೆ! ಅದನ್ನು ಹಸಿಯಾಗಿ ಕೊಡುದು ಅಸಾಧ್ಯ. ತಿಂಗಳುಗಟ್ಟಲೆ ಮೊದಲೇ ಫ್ರೀಜ್ ಮಾಡಿ ಕೂಡಿಡ್ತಾರೆ. ರೆಕ್ಕೆ ತುಂಬಾ ದುಬಾರಿಯಾದ್ರೆ ಎದೆಮಾಂಸದ ತುಂಡಿಗೆ ಅದೇ ಸಾಸ್ ಹಾಕಿ "ಬೋನ್‌ಲೆಸ್ ವಿಂಗ್ಸ್" ಅಂತ ಕೊಡ್ತಾರೆ.

ನೀವೂ ಹಾಗೇ ಮಾಡಿ. ಪ್ರೊಸೆಸಿಂಗ್ ಕಂಪನಿಗಳ ಫ್ರೋಜನ್ ವಿಂಗ್ಸ್ ಸ್ಕಿನ್ ಸಮೇತ ಬರ್ತದಾ ಅಂತ ರಖಂ ವಿತರಕರಲ್ಲಿ ಕೇಳಿ. ತಗೊಳ್ಳುವಾಗ ಪೊಟ್ಟಣದೊಳಗೆ ದೊಡ್ಡ ಮಂಜಿನ ಹರಳು ಅಥವಾ ಮೂಲೆಯಲ್ಲಿ ಕೆಂಪು ನೀರು ಗಟ್ಟಿಯಾದದ್ದು ಕಂಡ್ರೆ ಬೇಡ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾಲು ಅದು. ಮೈನಸ್ 18 ಡಿಗ್ರಿಯಲ್ಲಿ ಇದ್ದದ್ದಾದ್ರೆ ರುಚಿಗೆ ತೊಂದರೆ ಇಲ್ಲ.

ಒಂದು ವಿಷಯ ಮೊದಲೇ ಬಡಿಸುವವರಿಗೆ ತಿಳಿಸಿಡಿ. ಎಳೆ ಬ್ರಾಯ್ಲರ್‌ನ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುದಿಲ್ಲ. ಫ್ರೀಜ್ ಆದಾಗ ಮಜ್ಜೆಯ ಬಣ್ಣ ಹೊರಗೆ ಒಸರಿ, ಬೇಯಿಸಿದ ಮೇಲೂ ಗಂಟಿನ ಹತ್ರ ಕಪ್ಪು-ಕೆಂಪು ಕಾಣ್ತದೆ. ಜನ ಬೆಂದಿಲ್ಲ ಅಂತ ವಾಪಸ್ ಕೊಡ್ತಾರೆ. ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಪ್ರೋಬ್ ಥರ್ಮಾಮೀಟರ್ ಎಲುಬಿಗೆ ತಾಗದ ಹಾಗೆ ಚುಚ್ಚಿ ನೋಡಿ. 75 ಡಿಗ್ರಿ ದಾಟಿದ್ರೆ ಬೆಂದಿದೆ. ರೆಕ್ಕೆಗೆ 85ರವರೆಗೆ ಹೋದ್ರೆ ಇನ್ನೂ ಒಳ್ಳೆಯದು, ಒಳಗಿನ ನಾರು ಮೆತ್ತಗಾಗ್ತದೆ.

ಬೋಳಾರ_ಫುಟ್‌ಬಾಲ್

ತುಂಬಾ ಉಪಕಾರ ಆಯ್ತು. ಈಗ ಯೋಚನೆ ಹೀಗೆ: 15 ಕೆ.ಜಿ. ಫ್ರೋಜನ್ ಸ್ಕಿನ್ ಸಮೇತ, ಕರಿಯಲಿಕ್ಕೆ. 10 ಕೆ.ಜಿ. ಹೋಟೆಲ್ ಸಪ್ಲೈ ಅಂಗಡಿಯಿಂದ ಸ್ಕಿನ್‌ಲೆಸ್. ಸ್ಕಿನ್‌ಲೆಸ್‌ಗೆ ಏನು ಮಾಡುದು? 12.30ಕ್ಕೂ ಹಾಫ್ ಟೈಮ್‌ಗೂ ಬಿಸಿ ಇರ್ಬೇಕಲ್ವಾ, ಎಷ್ಟು ಹೊತ್ತಿಗೆ ಒಲೆ ಹಚ್ಚುದು? ಎರಡು ಬಾಣಲೆ, ಎರಡು ಗ್ಯಾಸ್ ಒಲೆ ಉಂಟು.

ಅಡುಗೆ_ಉಡುಪಿ

ಸ್ಕಿನ್‌ಲೆಸ್ ರೆಕ್ಕೆಯನ್ನು ಬರೀ ಎಣ್ಣೆಗೆ ಬಿಟ್ರೆ ಹಗ್ಗದ ಹಾಗೆ ಆಗ್ತದೆ. ಕೊಬ್ಬು ಇರುದೇ ಚರ್ಮದಲ್ಲಿ. ಹಾಗಾಗಿ ಆ 10 ಕೆ.ಜಿ.ಯನ್ನು ಕುಂದಾಪುರದ ಕ್ರಮದ ಘೀ ರೋಸ್ಟ್ ಮಾಡಿ, ಮಸಾಲೆ ಎಲುಬಿಗೆ ಅಂಟಿ ಕೂರ್ತದೆ. ಬ್ಯಾಡಗಿ ಮೆಣಸು 200 ಗ್ರಾಂ, ಕೊತ್ತಂಬರಿ 100, ಜೀರಿಗೆ 40, ಕಾಳುಮೆಣಸು 40, ಮೆಂತೆ 8 ಗ್ರಾಂ ಬೇರೆ ಬೇರೆ ಹುರಿದು, ಬೆಳ್ಳುಳ್ಳಿ 200, ಹುಣಸೆ ಹುಳಿ 150 ಗ್ರಾಂ ಸೇರಿಸಿ ನುಣ್ಣಗೆ ಅರೆಯಿರಿ. ಮೆಂತೆ ಕಪ್ಪಾದ್ರೆ ಇಡೀ ಮಸಾಲೆ ಕಹಿ, ಮತ್ತೆ ಸರಿ ಮಾಡ್ಲಿಕ್ಕೆ ಬರುದಿಲ್ಲ. ಶನಿವಾರವೇ ಅರೆದು ಫ್ರಿಜ್‌ನಲ್ಲಿಡಿ. ಮಾಂಸಕ್ಕೆ 120 ಗ್ರಾಂ ಉಪ್ಪು, 800 ಗ್ರಾಂ ಮೊಸರು, ಅರಿಶಿನ ಹಾಕಿ ಎರಡು ಗಂಟೆ ಇಟ್ಟು, ಅದರದ್ದೇ ನೀರಲ್ಲಿ 12-15 ನಿಮಿಷ ಬೇಯಿಸಿ. ಜಾಸ್ತಿ ಬೆಂದ್ರೆ ಮಾಂಸ ಎಲುಬು ಬಿಡ್ತದೆ. 700 ಗ್ರಾಂ ತುಪ್ಪದಲ್ಲಿ ಮಸಾಲೆಯನ್ನು ತುಪ್ಪ ಬಿಡುವವರೆಗೆ ಬಾಡಿಸಿ, 75 ಗ್ರಾಂ ಬೆಲ್ಲ, ಬೆಂದ ರೆಕ್ಕೆ ಮತ್ತು ಅದರ ನೀರು ಹಾಕಿ ಒಣಗಿಸಿ. ರಾತ್ರಿ 9ಕ್ಕೆ ಶುರು ಮಾಡಿ 10ರೊಳಗೆ ಮುಗಿಸಿ, ಬಾಣಲೆ ಖಾಲಿ ಆಗ್ಬೇಕು. ಆಮೇಲೆ ದಪ್ಪ ತಳದ ಪಾತ್ರೆಗೆ ಹಾಕಿ ಬಿಸಿನೀರಿನ ಮೇಲೆ ಇಟ್ರೆ ಹಾಫ್ ಟೈಮ್‌ವರೆಗೂ ಬಿಸಿ ಉಳಿತದೆ.

ಫ್ರೋಜನ್ ಮಾಲನ್ನು ಶುಕ್ರವಾರ ರಾತ್ರಿ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ. 2 ಕೆ.ಜಿ. ಗಟ್ಟಿ ಪೊಟ್ಟಣಕ್ಕೆ 4 ಡಿಗ್ರಿಯಲ್ಲಿ ಒಂದೂವರೆ ದಿನ ಬೇಕು. ಹೊರಗೆ ಬಕೆಟ್ ನೀರಲ್ಲಿ ಮುಳುಗಿಸಿ ಬಿಡುದು ಬೇಡ, ಮೇಲಿನದ್ದು ಹಳಸ್ಲಿಕ್ಕೆ ಶುರುವಾದ್ರೂ ಒಳಗೆ ಕಲ್ಲೇ ಇರ್ತದೆ. ಆದಿತ್ಯವಾರ ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಒರೆಸಿ. 15 ಕೆ.ಜಿ. ಹೋಗಿ 14ರ ಹತ್ರ ಬಂದ್ರೆ ಗಾಬರಿ ಬೇಡ, ಅದು ನೀರಿನ ತೂಕ. ಕೆ.ಜಿ.ಗೆ 10 ಗ್ರಾಂ ಉಪ್ಪು, 10 ಗ್ರಾಂ ಬೇಕಿಂಗ್ ಪೌಡರ್ ತಿಕ್ಕಿ, ಮುಚ್ಚದೆ ಫ್ರಿಜ್‌ನಲ್ಲಿ ಸಂಜೆವರೆಗೆ ಇಟ್ರೆ ಚರ್ಮ ಒಣಗ್ತದೆ. ಬೇಕಿಂಗ್ ಪೌಡರ್ ಅಂದೆ, ಸೋಡಾ ಅಲ್ಲ. ಸೋಡಾ ಹಾಕಿದ್ರೆ ಸಾಬೂನಿನ ರುಚಿ ಬರ್ತದೆ.

ಕರಿಯುದು ಎರಡು ಸಲ. ಬಾಣಲೆಗೆ 8 ಲೀಟರ್ ಎಣ್ಣೆ, ಒಮ್ಮೆಗೆ ಒಂದೂವರೆ ಕೆ.ಜಿ. ಮಾತ್ರ. ಅದಕ್ಕಿಂತ ಹೆಚ್ಚು ಹಾಕಿದ್ರೆ ಎಣ್ಣೆ ತಣ್ಣಗಾಗಿ ಚರ್ಮ ಎಣ್ಣೆ ಕುಡಿತದೆ. ಮೊದಲ ಸಲ 150 ಡಿಗ್ರಿಯಲ್ಲಿ 10 ನಿಮಿಷ, ಪೂರ್ತಿ ಬೇಯಲೇಬೇಕು. ಅರ್ಧ ಬೆಂದದ್ದನ್ನು ಇಟ್ಟು ಮತ್ತೆ ಕರಿಯುದು ತಪ್ಪು, ಹೊಟ್ಟೆ ಕೆಡುದು ಅಲ್ಲಿಂದಲೇ. ಎರಡನೇ ಸಲ 190ರಲ್ಲಿ 2-3 ನಿಮಿಷ. ಮಾಲನ್ನು ಎರಡು ಪಾಲು ಮಾಡಿ. ಮೊದಲ ಪಾಲಿನ ಮೊದಲ ಕರಿತ 10.45ರಿಂದ, ಎರಡನೇ ಕರಿತ 12ರಿಂದ. ಎರಡನೇ ಪಾಲನ್ನು 11.20ಕ್ಕೆ ಹಾಕಿ 12ರ ಒಳಗೆ ತೆಗೆದಿಟ್ಟು, 1.05ಕ್ಕೆ ಮತ್ತೆ ಎಣ್ಣೆಗೆ ಬಿಡಿ. ಮಧ್ಯದಲ್ಲಿ ಹೊರಗೆ ಇರುವ ಹೊತ್ತು ಎರಡು ಗಂಟೆ ಮೀರಬಾರದು.

ಮಳೆಗಾಲದ ಗಾಳಿಯಲ್ಲಿ ಗರಿಗರಿ ಬೇಗ ಹೋಗ್ತದೆ. ಕರಿದದ್ದನ್ನು ತಂತಿ ಜಾಲರಿಯ ಮೇಲೆ ಹರಡಿ, ಪಾತ್ರೆಗೆ ತುಂಬಿ ಮುಚ್ಚಳ ಹಾಕಬೇಡಿ. ಸಾಸ್ ಕಲಸುದು ಬಡಿಸುವ ಹೊತ್ತಿಗೇ.

ಕಟ್ಟಿಂಗ್_ಕೌಂಟರ್

ಒಂದು ಬಿಟ್ಟುಹೋಯ್ತು. ಆ 10 ಕೆ.ಜಿ. ಹಸಿ ರೆಕ್ಕೆಯನ್ನು ಶನಿವಾರ ಸಂಜೆ ಅಂಗಡಿ ಮುಚ್ಚುವ ಮೊದಲು ತಗೊಳ್ಳಿ, ಅವತ್ತೇ ಕಡಿದದ್ದು ಅಂತ ಖಾತ್ರಿ ಮಾಡಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಳಕ್ಕೊಂದು, ಮೇಲಕ್ಕೊಂದು ಪದರ ಐಸ್ ಹಾಕಿ, ಮಾಂಸ ಪ್ಲಾಸ್ಟಿಕ್ ಚೀಲದೊಳಗೆ ಇರ್ಲಿ, ಐಸ್ ನೀರು ತಾಗ್ಬಾರದು. ಮಳೆಗೆ ಕರೆಂಟ್ ಹೋದ್ರೂ ಹಾಗೆ ಇಟ್ಟದ್ದು ಆದಿತ್ಯವಾರ ಸಂಜೆವರೆಗೆ ಕೆಡುದಿಲ್ಲ, ಬೆಳಿಗ್ಗೆ ಒಮ್ಮೆ ಐಸ್ ತುಂಬಿಸಿ. ಪೆಟ್ಟಿಗೆ ಹೊಸತೇ ಆಗ್ಬೇಕು. ಮೀನಿನದ್ದನ್ನು ಎಷ್ಟು ತೊಳೆದ್ರೂ ವಾಸನೆ ಕೋಳಿಗೆ ಹಿಡಿತದೆ.